ಇಳಿಯುವ ಜಾಗ

ನನ್ನ ಯಜಮಾನರು ತೀರಿಕೊಂಡದ್ದು ೨೦೧೬ರ ಮಾರ್ಚ್‌ನಲ್ಲಿ. ಅಕ್ಟೋಬರ್ ರಜೆಗೆ ಕಾಲ್ಬಾರಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದೆಂದು ಅಪ್ಪ ಮಗಳು ಮೊದಲೇ ಗೊತ್ತುಮಾಡಿಕೊಂಡಿದ್ದರು. ಅದರ ನಕ್ಷೆ, ದೇಶ ಬಿಟ್ಟು ಬಂದು ನಾವು ನೆಲೆಸಿದ್ದ ಎಲೆನ್‌ಬ್ರೂಕ್‌ನ ಮನೆಯ ಫ್ರಿಜ್ ಮೇಲೆ ಹಾಗೇ ಅಂಟಿಕೊಂಡಿತ್ತು. ಸಮುದ್ರದ ಕಡೆ ಬಂಡೆಗೋಡೆಗಳು, ನಡುವೆ ಕುರುಚಲು ಗಿಡಗಳ ಮರಳು ಬಯಲು, ಒಳಗೆ ನದಿ ಕೊರೆದ ಕೆಂಪು ಕಮರಿ. ಒಂದೊಂದು ಭಾಗಕ್ಕೆ ಒಂದೊಂದು ದಿನವೆಂದು ಅವರು ಪೆನ್ಸಿಲ್‌ನಲ್ಲಿ ಬರೆದಿದ್ದರು. ಹನ್ನೊಂದು ವರ್ಷದ ಮಗಳು ಅದನ್ನು ತೆಗೆಯಲು ಬಿಡಲಿಲ್ಲ. ಹೋಗೋಣ ಎಂದೂ ಕೇಳಲಿಲ್ಲ. ಅವಳು ಕೇಳದಿರುವುದನ್ನು ನೋಡಲಾರದೆ ನಾನೇ ಹೊರಡಿಸಿದೆ.

ಮೈಸೂರಿನಲ್ಲಿದ್ದ ಅತ್ತೆಗೆ ಫೋನ್ ಮಾಡಿದೆ. ಅವರ ಮಗ ಗೊತ್ತುಮಾಡಿದ್ದ ಪ್ರವಾಸಕ್ಕೇ ಹೊರಟಿದ್ದೇವೆ ಎಂದೆ.

“ವರ್ಷ ತುಂಬೋವರೆಗೂ ಬೆಟ್ಟ ಹತ್ತಬಾರದು ಕಣಮ್ಮ.”

“ಅಲ್ಲಿ ಬೆಟ್ಟ ಇಲ್ಲ ಅತ್ತೆ. ಕಮರಿ. ಇಳಿಯೋದು.”

“ಇಳಿಯೋದಾದ್ರೆ ಇಳೀರಿ. ಅದಕ್ಕೆ ಯಾರೂ ಬೇಡ ಅಂದಿಲ್ಲ. ಮಗೂಗೆ ಟೋಪಿ ಹಾಕು.”

ನನಗೆ ಹಗುರವಾಯಿತು. ಇಳಿಯುವ ಜಾಗ ಎಂಬುದು ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ತಯಾರಿಯನ್ನೆಲ್ಲ ಇಳಿಯುವುದಕ್ಕಷ್ಟೇ ಮಾಡಿಕೊಂಡೆ. ಕಮರಿಯ ಮೇಲಂಚಿನಲ್ಲಿ ಕಾರು ನಿಲ್ಲಿಸಿದ ಕಡೆ ನೀರು ಒಯ್ಯಿರಿ ಎಂಬ ಫಲಕವಿತ್ತು. ಅದು ದೂರ ನಡೆಯುವವರಿಗೆ ಎಂದುಕೊಂಡು ದೊಡ್ಡ ಕ್ಯಾನನ್ನು ಡಿಕ್ಕಿಯಲ್ಲೇ ಬಿಟ್ಟು, ಒಂದೇ ಬಾಟಲಿ ಹಿಡಿದು ಹೊರಟೆ. ಆಗಲೇ ಹತ್ತು ಗಂಟೆ ದಾಟಿತ್ತು.

ಕೆಂಪು ಬಿಳಿ ಪದರಗಳ ಬಂಡೆಯ ನಡುವೆ ದಾರಿ. ಕಡಿದಾದ ಕಡೆ ಕಬ್ಬಿಣದ ಏಣಿಗಳು. ಮಗಳು ಆಡಿನಂತೆ ಇಳಿದಳು. ಕೆಳಗೆ ನಿಂತ ನೀರಿನಲ್ಲಿ ಎರಡು ಕಪ್ಪು ಹಂಸಗಳಿದ್ದವು. ಅವಳು ಕಾಲು ನೀರಿಗೆ ಬಿಟ್ಟು ಕೂತು, ಆ ಮಾರ್ಚ್ ಆದಮೇಲೆ ಮೊದಲ ಸಲ ತಾನಾಗಿಯೇ ಮಾತಾಡಿದಳು. ಶಾಲೆಯದು, ಗೆಳತಿಯದು, ಏನೇನೋ. ಬಾಟಲಿ ಖಾಲಿಯಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ನದಿಯ ನೀರು ಬಾಯಿಗೆ ಉಪ್ಪು.

ಆಗಲೇ ನಾನು ಮೇಲೆ ನೋಡಿದ್ದು.

ಬಂದ ದಾರಿಯೆಲ್ಲ ಗೋಡೆಯಾಗಿ ನಿಂತಿತ್ತು. ಎರಡು ಕಡೆಯ ಬಂಡೆಯೂ ಕಾದ ಹೆಂಚಿನಂತೆ ಬಿಸಿ ಉಗುಳುತ್ತಿತ್ತು. ಗಾಳಿಯಿಲ್ಲ. ಹತ್ತುತ್ತ ಅರ್ಧ ದಾರಿಯಲ್ಲಿ ಮಗಳ ಮಾತು ನಿಂತಿತು. ಮುಖ ಕೆಂಪಾಗಿತ್ತು, ತುಟಿ ಒಣಗಿತ್ತು. ಫೋನ್‌ಗೆ ಸಿಗ್ನಲ್ ಇರಲಿಲ್ಲ. ಅವಳನ್ನು ನೆರಳಲ್ಲಿ ಕೂರಿಸಿ ನಾನೊಬ್ಬಳೇ ಹತ್ತಿ ನೀರು ತರಲೇ? ತರುವಷ್ಟರಲ್ಲಿ ಏನಾದರೂ ಆದರೆ? ಮಾರ್ಚ್‌ನಲ್ಲಿ ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲೇ ಎಲ್ಲ ಮುಗಿದಿತ್ತು. ಬಿಟ್ಟು ಹೋಗಲಾಗಲಿಲ್ಲ.

ಏಣಿಯ ಬುಡದಲ್ಲಿ ಮತ್ತೆ ಅದೇ ಗೊಂದಲ. ಮುಂದೆ ಹತ್ತಿದರೆ ಅವಳು ಕಾಣುವುದಿಲ್ಲ; ಹಿಂದೆ ಉಳಿದರೆ ಮೇಲಿನಿಂದ ಕೈ ಕೊಡುವವರಿಲ್ಲ. ಇಬ್ಬರು ಇರಬೇಕಾದ ಕೆಲಸ. ನಾನು ಹಿಂದೆ ನಿಂತು ಅವಳ ಬೆನ್ನಿಗೆ ಅಂಗೈ ಒತ್ತಿದೆ.

“ಅಮ್ಮಾ, ಡೋಂಟ್ ಪುಶ್.”

“ಪುಶ್ ಮಾಡ್ತಿಲ್ಲ. ಹಿಡ್ಕೊಂಡಿದೀನಿ.”

“ಸೇಮ್ ಥಿಂಗ್.”

ಆ ಬೇಸರದ ದನಿ ಕೇಳಿ ನನಗೆ ಜೀವ ಬಂತು. ಅವಳು ಬೈಯುತ್ತಲೇ ಇರಲಿ ಎಂದು ಮೆಟ್ಟಿಲು ಮೆಟ್ಟಿಲಿಗೂ ಏನಾದರೊಂದು ಹೇಳಿ ರೇಗಿಸಿದೆ. “ನಿಮ್ಮಜ್ಜಿ ನಿನಗಿಂತ ಬೇಗ ಹತ್ತುತ್ತಾರೆ” ಎಂದೆ. “ದೆನ್ ಬ್ರಿಂಗ್ ಅಜ್ಜಿ” ಎಂದಳು. ಆಮೇಲೆ ಅದೂ ನಿಂತಿತು. ಉಸಿರಷ್ಟೇ ಕೇಳುತ್ತಿತ್ತು, ನಾನು ಅದನ್ನೇ ಕೇಳುತ್ತ ಹತ್ತಿದೆ.

ಮೇಲೆ ಬಂದು ಡಿಕ್ಕಿ ತೆಗೆದು, ಕಾರಿನ ನೆರಳಲ್ಲಿ ಅವಳನ್ನು ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದೆ. ತಲೆಗೂ ಕತ್ತಿಗೂ ಸುರಿದೆ. ಸ್ವಲ್ಪ ಹೊತ್ತಿಗೆ ಮುಖದ ಕೆಂಪು ಇಳಿಯಿತು. ಚಿಪ್ಸ್ ಇದೆಯಾ ಎಂದು ಕೇಳಿದಳು. ಆಗ ನಾನು ಕ್ಯಾನನ್ನು ನೆಲಕ್ಕಿಟ್ಟು ಕಾರಿಗೆ ಒರಗಿ ನಿಂತುಬಿಟ್ಟೆ.

“ಯು ಹ್ಯಾವೆಂಟ್ ಹ್ಯಾಡ್ ಎನಿ” ಎಂದು ಅವಳು ಎದ್ದು ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿದಳು. ನಾನು ಬಗ್ಗಿ ಕುಡಿದೆ. ಸಾಕು ಎಂದು ಕೈ ಮಾಡಿದರೂ ಅವಳು ಇಳಿಸಲಿಲ್ಲ.