ನಿಂತ ಹಡಗಿನ ಉಪ್ಪು ಒರೆಸುವ ಹೀರಾ

ಕಾರವಾರದ ಕಡಲತೀರದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಜನವರಿಯ ಚಳಿ. ವಾಕಿಂಗ್‌ಗೆ ಬಂದವರು ಮಂಕಿ ಟೋಪಿ ಹಾಕಿಕೊಂಡು ಗಾಳಿಮರಗಳ ಕೆಳಗೆ ಬಿರುಸಾಗಿ ಹೆಜ್ಜೆ ಹಾಕುತ್ತಿದ್ದಾರೆ. ಹೆದ್ದಾರಿಗೂ ಮರಳಿಗೂ ನಡುವೆ, ಕಾಂಕ್ರೀಟ್ ಕಟ್ಟೆಯ ಮೇಲೆ ನಿಂತಿರುವ ಹಳೆಯ ಯುದ್ಧನೌಕೆಯ ಏಣಿಯನ್ನು ಮಹಿಳೆಯೊಬ್ಬರು ಹತ್ತುತ್ತಾರೆ. ಒಂದು ಕೈಯಲ್ಲಿ ಸಿಹಿನೀರಿನ ಬಕೆಟ್ಟು, ಹೆಗಲ ಮೇಲೆ ಹಳೆಯ ಪಂಚೆಯ ತುಂಡುಗಳು. ಮೇಲೆ ಬಂದವರೇ ಮೊದಲು ಅಂಚಿನ ಕಬ್ಬಿಣದ ಕಂಬಿಯ ಮೇಲೆ ಬೆರಳು ಎಳೆದು, ಆ ಬೆರಳನ್ನು ನಾಲಿಗೆಗೆ ತಾಗಿಸಿ ನೋಡುತ್ತಾರೆ.

"ನಿನ್ನೆ ಸಂಜೆ ಪಡುಗಾಳಿ ಜೋರಿತ್ತು. ಉಪ್ಪು ಕೂತದೆ" ಎನ್ನುತ್ತಾರೆ, ನಮ್ಮ ಕಡೆ ತಿರುಗದೆಯೇ. "ಉಪ್ಪು ಕೂತ್ರೆ ಕಬ್ಬಿಣಕ್ಕೆ ಗೆದ್ದಲು ಹಿಡ್ದ ಹಾಂಗೆ. ದಿನಾ ತೆಗೀದೆ ಇದ್ರೆ ಒಳಗಿಂದ ತಿಂತದೆ."

ಇವರು ಹೀರಾ ಮಾದೇವ ಹರಿಕಂತ್ರ. ವಯಸ್ಸು ನಲವತ್ತರ ಮೇಲೆ. ಒಂದು ಕಾಲಕ್ಕೆ ಕ್ಷಿಪಣಿ ಹೊತ್ತು ಸಾಗಿದ ಈ ಹಡಗು ನಿವೃತ್ತಿಯಾಗಿ, ದಡಕ್ಕೆ ಬಂದು ವಸ್ತುಸಂಗ್ರಹಾಲಯವಾಗಿದೆ. ಭಾನುವಾರ, ರಜಾದಿನಗಳಲ್ಲಿ ಇಲ್ಲಿ ಜಾತ್ರೆಯಷ್ಟು ಜನ. ಶಾಲೆಯ ಪ್ರವಾಸದ ಮಕ್ಕಳು ಸಾಲಾಗಿ ಬಂದು ಫಿರಂಗಿ ಮುಟ್ಟಿ ನೋಡುತ್ತಾರೆ, ಚುಕ್ಕಾಣಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರೆಲ್ಲ ಬರುವ ಹೊತ್ತಿಗೆ ಹೀರಾ ಅವರ ಕೆಲಸ ಮುಗಿದಿರುತ್ತದೆ. ಕಂಬಿ, ಬಾಗಿಲು, ಕ್ಷಿಪಣಿಯ ಗೂಡು, ಎಲ್ಲವೂ ಸಿಹಿನೀರು ಕಂಡು ಒಣಗಿರುತ್ತವೆ. ಯಾರು ಒರೆಸಿದರು ಎಂದು ಕೇಳಿದವರಿಲ್ಲ.

ಹೊರಗಿನದು ಮುಗಿದ ಮೇಲೆ ಒಳಗೆ. ಕಡಿದಾದ ಏಣಿ ಇಳಿದರೆ ಎಂಜಿನ್ ಕೋಣೆ, ಮಲಗುವ ಮಂಚಗಳು, ಮೂವರು ನಿಂತರೆ ಉಸಿರು ಕಟ್ಟುವಂಥ ಅಡುಗೆ ಕೋಣೆ. ನಾವಿಕರು ಹೇಗೆ ಬದುಕುತ್ತಿದ್ದರು ಎಂದು ತೋರಿಸಲು ಸಮವಸ್ತ್ರ ತೊಡಿಸಿದ ಗೊಂಬೆಗಳನ್ನು ಅಲ್ಲಲ್ಲಿ ನಿಲ್ಲಿಸಿದ್ದಾರೆ. ಹೀರಾ ಅವುಗಳ ಮುಖ ಒರೆಸುತ್ತಾರೆ, ಅಂಗಿ ಬಿಚ್ಚಿ ಒಗೆದು ಹಾಕುತ್ತಾರೆ. ಬಿಳಿಬಟ್ಟೆಯ ಕ್ಯಾಪ್ಟನ್ನನ ಅಂಗಿಗೆ ಮನೆಯಿಂದಲೇ ನೀಲಿ ಹಾಕಿಕೊಂಡು ಬರುತ್ತಾರೆ. "ಮಕ್ಕಳು ಬತ್ತವೆ, ನೋಡ್ತವೆ. ಸಾಹೇಬ್ರು ಮಾಸಲು ಅಂಗಿ ಹಾಕಂಡು ನಿಂತ್ರೆ ಸರಿ ಕಾಣೂದಿಲ್ಲ" ಎಂದು ನಗುತ್ತಾರೆ.

ಈ ನಗು ಇಲ್ಲಿಗೆ ಸುಲಭವಾಗಿ ಬಂದದ್ದಲ್ಲ.

ಹೀರಾ ಮದುವೆಯಾಗಿ ಹೋದದ್ದು ಕಾರವಾರದ ದಕ್ಷಿಣಕ್ಕೆ, ಗುಡ್ಡದಾಚೆಯ ಅರ್ಗಾಕ್ಕೆ. ಮನೆಯ ಮೆಟ್ಟಿಲು ಇಳಿದರೆ ಮರಳು. ಗಂಡ ಮಾದೇವ ಮತ್ತು ಅವರ ಅಣ್ಣತಮ್ಮಂದಿರು ಸೇರಿ ರಂಪಣಿ ಬಲೆ ಬಿಡುತ್ತಿದ್ದರು. ಬಲೆ ಎಳೆಯುವ ದಿನ ಕೇರಿಗೆ ಕೇರಿಯೇ ಹಗ್ಗಕ್ಕೆ ಕೈ ಹಚ್ಚುತ್ತಿತ್ತು. ಬಂಗಡೆ ರಾಶಿ ಬಿದ್ದರೆ ಅತ್ತೆ ಹೊನ್ನಿ ಮುಂದೆ ನಿಂತು ಪಾಲು ಹಾಕುತ್ತಿದ್ದರು. ಅವರ ಮಾತಿಗೆ ಎದುರು ಆಡಿದವರಿರಲಿಲ್ಲ.

ನೌಕಾನೆಲೆ ಬರುತ್ತದೆ ಎಂಬ ಮಾತು ಹೀರಾ ಸೊಸೆಯಾಗಿ ಬಂದಾಗಲೇ ಇತ್ತು. ವರ್ಷಗಟ್ಟಲೆ ಬರೀ ಮಾತಾಗಿಯೇ ಇತ್ತು. ಕೊನೆಗೆ, ಈಗ್ಗೆ ಸುಮಾರು ಹತ್ತು ವರ್ಷಗಳ ಹಿಂದೆ, ಊರು ಬಿಡುವ ದಿನ ಬಂದೇ ಬಂತು. ಬಾಗಿಲು, ಕಿಟಕಿ, ಹೆಂಚು ಕಿತ್ತು ಲಾರಿಗೆ ಹೇರಿದರು. ತುಳಸಿಕಟ್ಟೆಯ ಮಣ್ಣನ್ನು ಹೊನ್ನಿ ಬುಟ್ಟಿಯಲ್ಲಿ ತುಂಬಿ ತೊಡೆಯ ಮೇಲೆ ಇಟ್ಟುಕೊಂಡು ಲಾರಿಯ ಮುಂದಿನ ಸೀಟಿನಲ್ಲಿ ಕುಳಿತರಂತೆ. ಅಂಕೋಲಾ ತಾಲ್ಲೂಕಿನ ಹಾರವಾಡದಲ್ಲಿ ಹೊಸ ಮನೆಯಾಯಿತು. ಅಲ್ಲಿಯೂ ಕಡಲಿದೆ. ಆದರೆ ಅದು ಹಾರವಾಡದವರ ಕಡಲು. ಬಲೆಯ ಜೊತೆಗಾರರೆಲ್ಲ ಬೇರೆ ಬೇರೆ ಕಡೆ ಚದುರಿದ್ದರು. ರಂಪಣಿ ಎಳೆಯಲು ಕೈಗಳೇ ಇಲ್ಲದೆ ಬಲೆ ಅಟ್ಟ ಸೇರಿತು. ಮಾದೇವ ಬೇರೆಯವರ ದೋಣಿಗೆ ಹೋಗತೊಡಗಿದರು. ಹೀರಾ ಮೀನು ಬುಟ್ಟಿ ಹೊತ್ತು ಕಾರವಾರದ ಮನೆಮನೆ ತಿರುಗಿದರು.

ಹೀಗೆ ಕೆಲ ವರ್ಷ ನಡೆದ ಮೇಲೆ ಕುತ್ತಿಗೆ ನೋವು ಹಿಡಿಯಿತು. ತಲೆಯ ಮೇಲೆ ಭಾರ ಹೊರಲೇಬಾರದು ಎಂದರು ಡಾಕ್ಟರು. ಅದೇ ಸಮಯಕ್ಕೆ ದಡದ ಮೇಲೆ ಹಡಗು ಬಂದು ನಿಂತಿತ್ತು. ಅದರ ಟಿಕೆಟ್ ಕೌಂಟರಿನಲ್ಲಿ ಕೂರುವ ಗುರುಪ್ರಸಾದ ಅವರ ಮನೆಗೆ ಹೀರಾ ಬಹಳ ಕಾಲದಿಂದ ಮೀನು ಕೊಡುತ್ತಿದ್ದರು. ಹಡಗಿನ ಸ್ವಚ್ಛತೆಗೆ ಒಬ್ಬರು ಬೇಕಾಗಿದ್ದಾರೆ, ನೀವು ಬರುತ್ತೀರಾ ಎಂದು ಅವರೇ ಕೇಳಿದರು.

ಮನೆಯಲ್ಲಿ ಈ ಮಾತು ಎತ್ತಿದ ಸಂಜೆಯನ್ನು ಹೀರಾ ಮರೆತಿಲ್ಲ. ಮಾದೇವ ಎದ್ದು ಹೊರಗೆ ಹೋದರು. ಅತ್ತೆ ಮಾತ್ರ ಒಂದೇ ಮಾತು ಕೇಳಿದರು.

"ನಮ್ಮ ಮನೆ ತಕಂಡವ್ರ ಮನೆ ಗುಡ್ಸೂಕೆ ಹೋತ್ಯಾ?"

ಆಮೇಲೆ ಹೊನ್ನಿ ಸೊಸೆಯೊಂದಿಗೆ ಕೂತು ಉಣ್ಣುವುದನ್ನೇ ಬಿಟ್ಟರು. ಹೀರಾ ಬಡಿಸಿಟ್ಟು ಹೋದ ಮೇಲೆ ಒಬ್ಬರೇ ಉಣ್ಣುತ್ತಿದ್ದರು. ಜಗಳವಿಲ್ಲ, ಬೈಗಳಿಲ್ಲ. "ಬೈದಿದ್ರೆ ಬೇಸ್ರ ಆಗ್ತಿರ್ಲಿಲ್ಲ" ಎನ್ನುತ್ತಾರೆ ಹೀರಾ.

ಆದರೂ ಅವರು ಕೆಲಸಕ್ಕೆ ಬಂದರು. ಮೊದಲ ದಿನ ಏಣಿಯ ಬುಡದಲ್ಲಿ ಬಹಳ ಹೊತ್ತು ನಿಂತಿದ್ದರಂತೆ. ಹತ್ತಿದ ಮೇಲೂ ಹೊರಗೇ ಒರೆಸಿ ಹೋಗಿಬಿಡೋಣ ಎಂದುಕೊಂಡರು. ಗುರುಪ್ರಸಾದ ಒಳಗಿನ ಬಾಗಿಲು ತೆರೆದಾಗ ಮೂಗಿಗೆ ಬಡಿದದ್ದು ಡೀಸೆಲ್, ಉಪ್ಪು, ಹಳೆಯ ಹಗ್ಗದ ವಾಸನೆ. ಅರ್ಗಾದ ಮನೆಯ ಚಾವಡಿಯಲ್ಲಿ ಮಾದೇವ ದೋಣಿಯ ಎಂಜಿನ್ ಬಿಚ್ಚಿಕೊಂಡು ಕೂತಾಗ ಬರುತ್ತಿದ್ದ ವಾಸನೆ ಅದೇ. "ನಂಗೆ ಸಿಟ್ಟು ಬರ್ಬೇಕಿತ್ತು. ಬರ್ಲಿಲ್ಲ. ಎಂತಕೆ ಅಂತ ಈಗ್ಲೂ ಗೊತ್ತಿಲ್ಲ."

ಕಳೆದ ಮಳೆಗಾಲದಲ್ಲಿ ನಡೆದದ್ದು ಈ ಮನೆಯ ಕಥೆಯನ್ನೇ ತಿರುಗಿಸಿತು. ಮಳೆಗಾಲಕ್ಕೆ ಹಡಗು ಪ್ರವಾಸಿಗರಿಗೆ ಮುಚ್ಚಿರುತ್ತದೆ. ಆದರೂ ಹೀರಾ ಬೆಳಿಗ್ಗೆ ಬಂದು ಒಳಗೆಲ್ಲ ಒಮ್ಮೆ ನೋಡಿ ಹೋಗಬೇಕು. ಜುಲೈಯಲ್ಲಿ ಒಂದು ವಾರ ಬಿಡದೆ ಮಳೆ ಹೊಯ್ಯಿತು. ಒಂದು ಬೆಳಿಗ್ಗೆ ಏಣಿ ಇಳಿದ ಅವರ ಪಾದ ನೀರಿಗೆ ಬಿತ್ತು. ಎಂಜಿನ್ ಕೋಣೆಯಲ್ಲಿ ಮೊಣಕಾಲ ಹತ್ತಿರದವರೆಗೆ ನೀರು. ಅಲ್ಲಿ ನಿಲ್ಲಿಸಿದ್ದ ಗೊಂಬೆ ಮುಖ ಕೆಳಗಾಗಿ ತೇಲುತ್ತಿತ್ತು. "ಮೊದ್ಲು ಮನ್ಷಾ ಅಂದ್ಕಂಡೆ" ಎನ್ನುತ್ತಾರೆ.

ಗುರುಪ್ರಸಾದ ಎಲ್ಲೆಲ್ಲಿಗೋ ಫೋನ್ ಮಾಡಿದರು. ಹೆದ್ದಾರಿಗೆ ಗುಡ್ಡ ಕುಸಿದು ವಾಹನಗಳು ನಿಂತಿದ್ದವು. ರಿಪೇರಿಯವರು ಬರಬೇಕೆಂದರೆ ಮಳೆ ಬಿಡಬೇಕು. ನೀರು ಇನ್ನಷ್ಟು ಏರಿದರೆ ಗೋಡೆಯ ವಯರುಗಳು, ಯಂತ್ರಗಳು ಎಲ್ಲವೂ ಹಾಳು. ಹೀರಾ ಸೆರಗು ಸಿಕ್ಕಿಸಿ ಬಕೆಟ್ಟಿನಲ್ಲಿ ನೀರು ಎತ್ತತೊಡಗಿದರು. ತುಂಬಿದ ಬಕೆಟ್ಟು ಹಿಡಿದು ಕಡಿದಾದ ಏಣಿ ಹತ್ತುವುದು, ಚೆಲ್ಲುವುದು, ಇಳಿಯುವುದು. ಗುರುಪ್ರಸಾದ ತಾವೂ ಕೈ ಜೋಡಿಸಿದರು. ಸಂಜೆಯವರೆಗೆ ಎತ್ತಿದರೂ ನೀರು ಇದ್ದಲ್ಲೇ ಇತ್ತು. ಮೇಲಿಂದ ಎಲ್ಲೋ ಬರುತ್ತಲೇ ಇತ್ತು.

ಆ ಸಂಜೆ ಅವರು ಮನೆಗೆ ಬಂದು ಎಂದಿನಂತೆ ಅಡುಗೆ ಮಾಡಿದರು. ಊಟಕ್ಕೆ ಬಡಿಸುವಾಗ ಮಾದೇವ ಕೈ ನೋಡಿದರು. ಅಂಗೈ ಚರ್ಮ ಕಿತ್ತು ಕೆಂಪಾಗಿತ್ತು. ಎಂತ ಆಯ್ತು ಎಂದು ಒಮ್ಮೆ ಕೇಳಿದರು. ಹಡಗು ಸೋರುತ್ತದೆ ಎಂದರು ಹೀರಾ. ಅಷ್ಟೇ.

ಮರುದಿನ ಮೊದಲ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನಿಂದ ಮಾದೇವ ಬಂದು ನಿಂತರು. ಹೆಗಲ ಮೇಲೆ ದೋಣಿಯ ತಾಡಪಾಲು, ಕೈಚೀಲದಲ್ಲಿ ಹಗ್ಗ, ಚೂರಿ, ಹಳೆಯ ಟಯರಿನ ಟ್ಯೂಬು. "ನಾ ಎಂತದೂ ಕೇಳ್ಲಿಲ್ಲ. ಕೇಳಿದ್ರೆ ಎಲ್ಲಿ ತಿರುಗಿ ಹೋತ್ರೋ ಅಂತ ಹೆದ್ರಿಕೆ" ಎಂದು ಹೀರಾ ಹೇಳುತ್ತಾರೆ. ಹಡಗಿನ ಏಣಿಯ ಬುಡದಲ್ಲಿ ಮಾದೇವ ಚಪ್ಪಲಿ ಬಿಟ್ಟರು, ದೋಣಿ ಹತ್ತುವಾಗ ಬಿಡುವಂತೆ.

ಸುರಿಯುವ ಮಳೆಯಲ್ಲಿ ಅವರು ಹಡಗಿನ ಮೇಲ್ಭಾಗವನ್ನೆಲ್ಲ ಅಂಗೈಯಿಂದ ಸವರುತ್ತ ನಡೆದರು. ಕೊನೆಗೆ ಎಂಜಿನ್ ಕೋಣೆಯ ಮೇಲಿನ ಒಂದು ಮುಚ್ಚಳದ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಮುಚ್ಚಳದ ಸುತ್ತಲಿನ ರಬ್ಬರು ಬಿಸಿಲಿಗೆ ಒಣಗಿ ಪುಡಿಯಾಗಿತ್ತು. ಟ್ಯೂಬು ಸೀಳಿ ಸಂದಿಗೆ ತುರುಕಿದರು. ಮೇಲೆ ತಾಡಪಾಲು ಹೊದಿಸಿ, ಗಾಳಿಗೆ ಹಾರದಂತೆ ಹಗ್ಗ ಬಿಗಿದರು. ಆಮೇಲೆ ಗಂಡ ಕೆಳಗೆ ತುಂಬಿ ಕೊಡುವುದು, ಹೆಂಡತಿ ಮೇಲೆ ಎಳೆದು ಚೆಲ್ಲುವುದು. ಬಕೆಟ್ಟಿಗೆ ಹಗ್ಗ ಕಟ್ಟಿದ್ದರಿಂದ ಏಣಿ ಹತ್ತುವ ಕೆಲಸ ತಪ್ಪಿತು. ಮಧ್ಯಾಹ್ನ ದಾಟುವ ಹೊತ್ತಿಗೆ ನೆಲ ಕಂಡಿತು.

ಹಡಗಿನ ಅಡುಗೆ ಕೋಣೆಯಲ್ಲಿ ಕೂತು ಇಬ್ಬರೂ ಬುತ್ತಿ ಬಿಚ್ಚಿದರು. ಕುಚ್ಚಲಕ್ಕಿ ಅನ್ನ, ಒಣಸಿಗಡಿ ಚಟ್ನಿ. ಉಣ್ಣುತ್ತ ಮಾದೇವ ಸುತ್ತಲೂ ಒಮ್ಮೆ ನೋಡಿದರು. ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿಬಿಟ್ಟರು.

"ಈ ಹಡಗಿಗೆ ಎಂತ ಗೊತ್ತು? ಅದೂ ನೀರು ಬಿಟ್ಟು ಬಂದದ್ದೇ."

ಹಾರವಾಡದ ದಡದಲ್ಲಿ ಬಲೆ ಸರಿಮಾಡುತ್ತಿದ್ದ ಮಾದೇವರನ್ನು ನಾವು ಆ ದಿನದ ಬಗ್ಗೆ ಕೇಳಿದೆವು. "ಅವ್ಳ ಕೈ ನೋಡಿ ಹೋದದ್ದು. ಹಡಗು ನೋಡಿ ಅಲ್ಲ" ಎಂದರು. ಈಗ ಅವರದ್ದೇ ಸಣ್ಣ ದೋಣಿಯಿದೆ. ಊರಿನವರೊಂದಿಗೆ ಬಳಕೆಯಾಗಿದೆ. ಹೊಸ ರಬ್ಬರು ಬಂದ ಮೇಲೂ ವರ್ಷಕ್ಕೊಮ್ಮೆ, ಮಳೆಗೆ ಮೊದಲು, ಹಡಗಿನ ಮುಚ್ಚಳಗಳನ್ನು ತಾವೇ ಬಂದು ನೋಡಿಕೊಡುವುದಾಗಿ ಗುರುಪ್ರಸಾದ ಅವರಿಗೆ ಮಾತು ಕೊಟ್ಟಿದ್ದಾರೆ.

ಹೊನ್ನಿ ಬಂದದ್ದು ಚೌತಿ ಕಳೆದ ಮೇಲೆ. ಹಡಗು ನೋಡಬೇಕು ಎನ್ನಲಿಲ್ಲ, ಕಾರವಾರದಲ್ಲಿ ಕೆಲಸವಿದೆ ಎಂದು ಮಗನ ಜೊತೆ ಬಸ್ಸು ಹತ್ತಿದರು. ಸೊಸೆ ಹಿಂದಿನಿಂದ ಆಸರೆ ಕೊಡುತ್ತ ಏಣಿ ಹತ್ತಿಸಿದರು. ಫಿರಂಗಿ, ಕ್ಷಿಪಣಿ ಯಾವುದನ್ನೂ ಅಜ್ಜಿ ಕಣ್ಣೆತ್ತಿ ನೋಡಲಿಲ್ಲ. ಒಂದರ ಮೇಲೊಂದು ಕಟ್ಟಿದ ಕಿರಿದಾದ ಮಂಚಗಳ ಎದುರು ನಿಂತು, ಹುಡುಗರು ಮಲಗುತ್ತಿದ್ದದ್ದು ಇಲ್ಲೇ ಹೌದೋ ಎಂದು ಕೇಳಿದರು. ಹೌದೆಂದಾಗ ಹಾಸಿಗೆಯ ಮೇಲೆ ಕೈಯಾಡಿಸಿ, "ಇವ್ರ ಹೆತ್ತ ಆಯಿ ನೋಡಿದ್ರೆ ಎಷ್ಟು ಸಂಕ್ಟ ಪಡ್ತಿತ್ತೇನ" ಎಂದರು. ಅಂದು ರಾತ್ರಿ ಎರಡು ತಟ್ಟೆ ಅವರೇ ಹಾಕಿದರು. ಸೊಸೆಯನ್ನು ಕರೆದು ಪಕ್ಕ ಕೂರಿಸಿಕೊಂಡರು.

ಹೀರಾ ಓದಿದ್ದು ನಾಲ್ಕನೇ ಇಯತ್ತೆ. ಕನ್ನಡ ಫಲಕಗಳನ್ನು ನಿಧಾನಕ್ಕೆ ಕೂಡಿಸಿ ಓದುತ್ತಾರೆ. ಬಿಡುವಾದಾಗ ಹಡಗಿನೊಳಗಿನ ಬರಹಗಳನ್ನೆಲ್ಲ ಓದಿ ಮುಗಿಸಿದ್ದಾರೆ. ಈ ಕೆಲಸ ಸಾಕೆನಿಸಿಲ್ಲವೇ ಎಂದರೆ ತಲೆಯಾಡಿಸುತ್ತಾರೆ. ಕುತ್ತಿಗೆ ನೋವು ಹೋಗಿದೆ, ಬೆಳಗಿನ ಗಾಳಿ ಹಿತವಾಗಿರುತ್ತದೆ, ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ, ಇನ್ನೆಂತ ಬೇಕು ಎನ್ನುತ್ತಾರೆ. ಬಕೆಟ್ಟು ಕೈಗೆತ್ತಿಕೊಳ್ಳುತ್ತ, ಒಂದು ಆಸೆ ಇದೆ ಎಂದು ತಾವೇ ಹೇಳುತ್ತಾರೆ.

"ಹಡಗು ಯಾವ ದೇಶದಲ್ಲಿ ಕಟ್ಟಿದ್ದು ಅಂತ ಬರ್ದದ್ದು ಅದೆ. ನೌಕಾನೆಲೆ ಎಷ್ಟು ದೊಡ್ಡದು ಅಂತ ಬರ್ದದ್ದು ಅದೆ. ಅದ್ರ ಬಾಜೂಕೆ, ಅಲ್ಲಿ ಮೊದ್ಲು ಯಾವ್ಯಾವ ಊರು ಇತ್ತು ಅಂತ ಎರಡು ಸಾಲು ಬರ್ದ್ರೆ ಸಾಕು. ಸಣ್ಣ ಅಕ್ಷರ ಆದ್ರೂ ಅಡ್ಡಿಲ್ಲ. ನಮ್ಮ ಅತ್ತೆಗೆ ಓದೂಕೆ ಬರೂದಿಲ್ಲ. ಕೈ ಹಿಡ್ದು ಕರ್ಕಂಡು ಬಂದು, ನಾನೇ ಓದಿ ಹೇಳ್ತೆ."