ಸ್ವಯಂ ಅಂದ್ರ ಯಾರು?

ಕೆಂಟ್ ಕರಾವಳಿಯ ಆ ಪುಟ್ಟ ಮನೆಯನ್ನು ನಮಗಾಗಿ ಗೊತ್ತುಮಾಡಿದವಳು ಇಲ್ಫರ್ಡಿನಲ್ಲಿರುವ ಮಗಳು. "ಒಂದು ವಾರ, ಅಪ್ಪ. ಸಮುದ್ರಕ್ಕೆ ಫೈವ್ ಮಿನಿಟ್ಸ್ ವಾಕ್. ಸೆಲ್ಫ್ ಕೇಟರಿಂಗ್. ಜಸ್ಟ್ ರಿಲ್ಯಾಕ್ಸ್" ಎಂದು ಫೋನಿನಲ್ಲಿ ಆಜ್ಞೆಯಾಯಿತು.

ಮೂವತ್ತೆಂಟು ವರ್ಷ ಲಂಡನ್ನಿನಲ್ಲಿ ಕಳೆದಿರುವ ನನ್ನ ಹೆಂಡತಿಗೆ ಸೆಲ್ಫ್ ಕೇಟರಿಂಗ್ ಎಂದರೇನೆಂದು ಗೊತ್ತಿಲ್ಲದೆ ಇಲ್ಲ. ಆದರೂ ಅದನ್ನು ನನ್ನ ಬಾಯಿಂದಲೇ ಕೇಳಬೇಕೆಂದು ಅವಳಿಗೆ ಅನ್ನಿಸಿತು.

"ಹಂಗಂದ್ರ ಏನ್ರೀ?"

"ಸ್ವಯಂಪಾಕ" ಎಂದೆ, ಸಾಧ್ಯವಾದಷ್ಟು ಗಾಂಭೀರ್ಯದಿಂದ.

"ಸ್ವಯಂ ಅಂದ್ರ ಯಾರು?"

ನಾನು ಮೈಸೂರಿನವನು, ಅವಳು ಧಾರವಾಡದವಳು. ಧಾರವಾಡದವರು ಪ್ರಶ್ನೆ ಕೇಳಿದರೆ ಅದು ಪ್ರಶ್ನೆಯಾಗಿರುವುದಿಲ್ಲ ಎಂಬುದನ್ನು ಮದುವೆಯಾದ ಮೊದಲ ವಾರದಲ್ಲೇ ಕಲಿತಿದ್ದೆ.

ನಮ್ಮ ವಂಶಕ್ಕೆ ಸ್ವಯಂಪಾಕ ಹೊಸದಲ್ಲ. ನಮ್ಮ ತಾತ ಪ್ರಯಾಣ ಹೊರಟರೆ ಹಿತ್ತಾಳೆ ಪಾತ್ರೆ, ಅಕ್ಕಿ, ಬೇಳೆ ಜೊತೆಗೇ ಹೊರಡುತ್ತಿದ್ದವು. ಯಾವ ಛತ್ರದಲ್ಲಿಳಿದರೂ ಮೂಲೆಯಲ್ಲಿ ಮೂರು ಕಲ್ಲಿಟ್ಟು ತಾವೇ ಬೇಯಿಸಿಕೊಂಡು ಉಣ್ಣುತ್ತಿದ್ದರು. ಅಂಥವರ ಮೊಮ್ಮಗನಾದ ನಾನು, ಅರವತ್ತೊಂಬತ್ತನೆಯ ವಯಸ್ಸಿನವರೆಗೆ, ಕಾಫಿಯ ಹೊರತು ಬೇರೇನನ್ನೂ ಬಿಸಿಮಾಡಿದವನಲ್ಲ.

ಆ ಪ್ರಶ್ನೆಯ ಹಿಂದೆ ಒಂದು ದೊಡ್ಡ ವಿಚಾರವೇ ಇತ್ತು. ಧಾರವಾಡದಲ್ಲಿ ಅವಳ ಅಕ್ಕ ಇದ್ದಾರೆ. ಎರಡು ತಿಂಗಳಾದರೂ ಬಂದಿರು ಎಂದು ಅವರು ಕರೆಯಲು ಶುರುಮಾಡಿ ವರ್ಷಗಳಾದವು. ಇವಳು ಹೋಗುತ್ತಾಳೆ, ಎರಡೇ ವಾರಕ್ಕೆ ಬರುತ್ತಾಳೆ. ಕಾರಣ ನಮ್ಮ ಸ್ಟ್ಯಾನ್ಮೋರ್ ಮನೆಯ ಫ್ರೀಜರ್. ಸೋಮವಾರ, ಮಂಗಳವಾರ ಎಂದು ಚೀಟಿ ಅಂಟಿಸಿದ ಡಬ್ಬಿಗಳು ಅದರಲ್ಲಿ ಹಿಡಿಸುವುದು ಹದಿನಾಲ್ಕು ದಿನಕ್ಕೆ. ಅಕ್ಕತಂಗಿಯರ ಪ್ರೀತಿಗೆ ಮಿತಿಯನ್ನು ಗೊತ್ತುಮಾಡಿದ್ದು ಆ ಯಂತ್ರ.

"ಒಂದು ವಾರ ನಾ ಅಡಿಗಿಮನಿ ಹೊಸ್ತಿಲಾ ದಾಟಂಗಿಲ್ಲ" ಎಂದು ಅವಳು ಷರತ್ತು ಹಾಕಿದಳು. "ನೀವು ಅಡಿಗಿ ಬಗ್ಗೆ ನನ್ನ ಏನೂ ಕೇಳಂಗಿಲ್ಲ. ವಾರ ದಾಟಿದ್ರಿ ಅಂದ್ರ ಎರಡು ತಿಂಗಳಿಗೆ ಟಿಕೀಟ ತಗೋತೀನಿ. ಒಂದು ಪ್ರಶ್ನಿ ಕೇಳಿದ್ರೂ ಅಕ್ಕಗ ಬರಂಗಿಲ್ಲ ಅಂತ ಹೇಳಿಬಿಡ್ತೀನಿ."

"ಉಪ್ಪು ಎಲ್ಲಿದೆ ಅಂತಲೂ ಕೇಳಬಾರದೇ?"

"ಅದನ್ನಂತೂ ಮೊದಲ ಕೇಳಬಾರದು."

ಈ ಪರೀಕ್ಷೆಯ ಒಂದು ವಿಶೇಷವನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಇದರಲ್ಲಿ ಫೇಲಾದರೆ ಅಭ್ಯರ್ಥಿಗೇ ಲಾಭ. ಪಾಸಾದವನಿಗೆ ಎರಡು ತಿಂಗಳ ಒಂಟಿ ಊಟ.

ಶನಿವಾರ ಹೊರಟೆವು. ಎಂ ಇಪ್ಪತ್ತೈದು ಹೆದ್ದಾರಿಯಲ್ಲಿ ಎಂದಿನಂತೆ ಎರಡು ಗಂಟೆ ನಿಂತು, ಸಂಜೆಯ ಹೊತ್ತಿಗೆ ತಲುಪಿದೆವು. ಬಾಗಿಲ ಪಕ್ಕದ ಪುಟ್ಟ ಪೆಟ್ಟಿಗೆಗೆ ನಂಬರ್ ಒತ್ತಿದರೆ ಅದು ಬೀಗದ ಕೈಯನ್ನು ಕೊಟ್ಟಿತು. ಮನೆಯೊಡೆಯರ ಮುಖ ವಾರವಿಡೀ ನೋಡಲಿಲ್ಲ. ಅವರ ಪರವಾಗಿ ಒಂದು ಫೈಲ್ ಇತ್ತು. ಕಸ ಯಾವ ದಿನ, ಬಾಯ್ಲರ್ ಹೇಗೆ, ಸಮುದ್ರದ ಉಬ್ಬರ ಇಳಿತ ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲಿತ್ತು.

ಅಡುಗೆಮನೆ ಸರ್ವಸಜ್ಜಿತ ಎಂದು ಬರೆದಿದ್ದನ್ನು ನಂಬಿ ನಾವು ಕುಕ್ಕರ್ ತಂದಿರಲಿಲ್ಲ. ಪ್ರಾಚ್ಯವಸ್ತು ಸಂಶೋಧಕನಂತೆ ಒಂದೊಂದೇ ಡ್ರಾಯರ್ ಎಳೆದು ನೋಡಿದೆ. ಮೊಟ್ಟೆ ನಿಲ್ಲಿಸುವ ಬಟ್ಟಲು ಆರು. ಬೆಂದ ಮೊಟ್ಟೆಯನ್ನು ಸಮನಾಗಿ ಕೊಯ್ಯುವ ತಂತಿಯ ಯಂತ್ರ ಒಂದು. ಟೋಸ್ಟನ್ನು ಪುಸ್ತಕದ ಹಾಗೆ ಜೋಡಿಸಿಡುವ ಸ್ಟ್ಯಾಂಡ್ ಒಂದು. ಮೇಲಿನ ಕಪಾಟಿನಲ್ಲಿ ಹಿಂದಿನವರು ಬಿಟ್ಟುಹೋದದ್ದು: ಮಿಂಟ್ ಸಾಸ್, ವಿನೆಗರ್, ಅರ್ಧ ಪೊಟ್ಟಣ ಓಟ್ಸ್, ತುಸುವೇ ಉರಿದ ನಾಲ್ಕು ಹುಟ್ಟುಹಬ್ಬದ ಮೇಣದಬತ್ತಿ. ನಾಲ್ಕು ವರ್ಷದ ಮಗುವೋ, ನಾಲ್ಕಕ್ಕೇ ತೃಪ್ತಿಪಟ್ಟ ಎಂಬತ್ತರ ಅಜ್ಜಿಯೋ ಎಂದು ಬಹಳ ಹೊತ್ತು ಯೋಚಿಸಿದೆ. ಕುಕ್ಕರ್ ಮಾತ್ರ ಇರಲಿಲ್ಲ.

ಅಡುಗೆಯ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಸಂಗತಿ: ಕುಕ್ಕರಿನ ಮೂರು ಕೂಗು. ಸೋಫಾದ ಮೇಲೆ ಕೂತು ಎಣಿಸಿದ್ದು. ಮೂರನೆಯದಕ್ಕೆ ಒಲೆ ಆರುತ್ತಿತ್ತು, ಅಂದರೆ ಬೇಳೆ ಬೆಂದಿದೆ. ವೃತ್ತಿಯಲ್ಲೂ ನಾನು ಅರಿವಳಿಕೆ ವೈದ್ಯ. ಆಪರೇಷನ್ ಮೇಜಿನ ಮೇಲಿದ್ದವರ ಸ್ಥಿತಿಯನ್ನು ಮಾನಿಟರುಗಳ ಬೀಪ್ ಕೇಳಿ ತಿಳಿದುಕೊಳ್ಳುತ್ತಿದ್ದೆ. ಸದ್ದಿಲ್ಲದೆ ಬೇಯುವ ಬೇಳೆಯ ಮುಂದೆ ನನ್ನ ವಿದ್ಯೆಯೆಲ್ಲ ಮೂಕವಾಯಿತು.

ಭಾನುವಾರ ಅರ್ಧ ಗಂಟೆ ಕುದಿಸಿ ಇಳಿಸಿದೆ. ಅದು ಅಗಿದು ತಿನ್ನುವ ತೊವ್ವೆಯಾಗಿತ್ತು. ಅವಳು ಅಗಿದಳು, ಕೈತೊಳೆದಳು, ಕಿಟಕಿಗೆ ಹೋದಳು.

"ಏನ್ರೀ, ಸಮುದ್ರ ಎಲ್ಲಿ ಹೋತು?"

ಬೆಳಿಗ್ಗೆ ಇದ್ದ ಸಮುದ್ರ ಮಧ್ಯಾಹ್ನಕ್ಕೆ ಹಿಂದೆ ಸರಿದು, ಕಣ್ಣು ಹಾಯುವವರೆಗೆ ಕೆಸರು ಮಾತ್ರ ಉಳಿದಿತ್ತು. ಪ್ರಶ್ನೆ ಕೇಳುವ ಹಕ್ಕು ಅವಳಿಗೆ ಇನ್ನೂ ಇತ್ತಲ್ಲ. ಫೈಲ್ ನೋಡಿ, ಆರೂ ಹತ್ತಕ್ಕೆ ಬರುತ್ತೆ ಎಂದೆ. ಕುರ್ಚಿ ಎಳೆದುಕೊಂಡು ಕಾದಳು. ಸರಿಯಾಗಿ ಆರೂ ಹತ್ತಕ್ಕೆ ನೀರು ಬಂತು.

"ಹೇಳಿದ ಟೈಮಿಗೆ ಬರ್ತದಲ್ಲ" ಎಂದಳು, ಯಾರನ್ನೋ ನೆನಪಿಸಿಕೊಂಡವಳಂತೆ.

ಸೋಮವಾರ ವಾಕಿಂಗ್ ನೆಪದಲ್ಲಿ ದಂಡೆಗೆ ಹೋಗಿ ಮಗಳಿಗೆ ಫೋನ್ ಮಾಡಿದೆ. ಷರತ್ತಿನಲ್ಲಿ ಮಗಳ ಹೆಸರಿರಲಿಲ್ಲ.

"ಬೇಳೆ ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ?"

"ನಾನು ಬೆಂದ ಬೇಳೆ ಟಿನ್ನಲ್ಲೇ ತಗೋತೀನಿ ಅಪ್ಪ. ಆಸ್ಕ್ ಅಮ್ಮ."

"ಆ ದಾರಿ ಮುಚ್ಚಿದೆ."

"ದೆನ್ ಒಂದು ತೆಗೆದು ಹಿಚುಕಿ ನೋಡಿ. ಯು ಆರ್ ಅ ಡಾಕ್ಟರ್."

ರೋಗಿಯನ್ನು ಮುಟ್ಟಿ ನೋಡು ಎಂದು ವೈದ್ಯಕೀಯ ಕಾಲೇಜಿನ ಮೊದಲ ಪಾಠದಲ್ಲೇ ಹೇಳಿದ್ದರು. ಬೇಳೆಯ ವಿಷಯದಲ್ಲಿ ಅದು ಹೊಳೆದಿರಲಿಲ್ಲ. ಅಂದು ಸಂಜೆ ಹದಿನೈದು ನಿಮಿಷಕ್ಕೊಮ್ಮೆ ಒಂದು ಕಾಳು ತೆಗೆದು, ಹಿಚುಕಿ, ಒಂದೊಂದು ಮೊಟ್ಟೆಯ ಬಟ್ಟಲಿಗೆ ಹಾಕುತ್ತಾ ಹೋದೆ. ಮೊದಲನೆಯದು ಕಲ್ಲು. ನಾಲ್ಕನೆಯದು ಹೊರಗೆ ಮೆತ್ತಗೆ, ಒಳಗೆ ಹಟಮಾರಿ. ಆರನೆಯದು ಬೆಣ್ಣೆ. ಆರೂ ಬಟ್ಟಲನ್ನು ಸಾಲಾಗಿಟ್ಟು ನೋಡುತ್ತಾ ನಿಂತೆ. ಉತ್ತರಕ್ಕಿಂತ ನಡುವಿನ ಆ ಬಟ್ಟಲುಗಳೇ ಸ್ವಾರಸ್ಯವಾಗಿದ್ದವು. ಮುಂದಿನ ದಿನಗಳಲ್ಲಿ ಸಾಸಿವೆ ಎಷ್ಟು ಹೊತ್ತಿಗೆ ಸಿಡಿಯುತ್ತದೆ, ಹುಣಸೆಹಣ್ಣು ಮೊದಲೇ ಹಾಕಿದರೆ ಬೇಳೆ ಯಾಕೆ ಮುಷ್ಕರ ಹೂಡುತ್ತದೆ ಎಂಬುದನ್ನೆಲ್ಲ ಪರೀಕ್ಷಿಸಿದೆ. ಕೆಲವನ್ನು ನಾವೇ ತಿಂದೆವು, ಕೆಲವನ್ನು ಕಸದ ಬುಟ್ಟಿ.

ಬುಧವಾರ ಸಂಕಟ ಬಂತು. ಮನೆಯಿಂದ ತಂದಿದ್ದ ಎರಡು ಪುಡಿಯ ಡಬ್ಬಿಗಳಲ್ಲಿ ಒಂದು ಸಾರಿನ ಪುಡಿ, ಇನ್ನೊಂದು ಹುಳಿಪುಡಿ. ಎರಡೂ ಒಂದೇ ಬಣ್ಣ, ಎರಡಕ್ಕೂ ಚೀಟಿಯಿಲ್ಲ. ಫ್ರೀಜರಿನ ಡಬ್ಬಿಗೆ ವಾರ ಬರೆಯುವವಳು ಇವಕ್ಕೆ ಹೆಸರು ಬರೆದಿರಲಿಲ್ಲ, ಏಕೆಂದರೆ ಇವನ್ನು ತೆರೆಯುತ್ತಿದ್ದವಳು ಅವಳೊಬ್ಬಳೇ.

ಸಾರಿಂದು ಯಾವುದು ಎಂದು ಕೇಳಿಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಪ್ರಾಮಾಣಿಕನಾದ ಅಭ್ಯರ್ಥಿಯೂ ಮರೆತು ಕೇಳಿಬಿಡಬಹುದಾದ ಪ್ರಶ್ನೆ. ಅಕ್ಕನವರು ಇನ್ನೊಂದು ವರ್ಷ ಕಾಯುತ್ತಾರೆ, ನನ್ನ ಊಟ ನಡೆಯುತ್ತದೆ. ಚಹಾ ಕೊಡುವ ನೆಪದಲ್ಲಿ, ಡಬ್ಬಿಗಳನ್ನು ಎರಡೂ ಜೇಬಿನಲ್ಲಿಟ್ಟುಕೊಂಡು, ಕಿಟಕಿಯ ಬಳಿ ಹೋದೆ.

ಅವಳು ಉಬ್ಬರದ ವೇಳಾಪಟ್ಟಿಯ ಬೆನ್ನಿಗೆ ಏನೋ ಬರೆಯುತ್ತಿದ್ದಳು. ಬಗ್ಗಿ ಲೋಟ ಇಡುವಾಗ ಕಣ್ಣಿಗೆ ಬಿತ್ತು. ಅಕ್ಕಗ ಮೊಣಕಾಲಿನ ಪಟ್ಟಿ. ಅಕ್ಕಗ ಉಣ್ಣಿ ಕಾಲುಚೀಲ. ದಿನಾ ಸಂಜಿಮುಂದ ಇಬ್ಬರೂ ಅಡ್ಡಾಡೂದು. ಮೂರನೆಯದು ಯಾವ ಅಂಗಡಿಯಲ್ಲೂ ಸಿಗುವ ಸಾಮಾನಲ್ಲ.

"ಏನರೆ ಕೇಳೂದಿತ್ತೇನು?" ಎಂದಳು, ತಲೆ ಎತ್ತದೆ.

"ಸಮುದ್ರ ಬಂತೇ ಅಂತ" ಎಂದೆ.

ವಾಪಸು ಬಂದು ಎರಡು ಡಬ್ಬಿಯನ್ನೂ ಮೂಸಿ ಮೂಸಿ ಸೀನಿದೆ, ಒಂದನ್ನು ಆರಿಸಿದೆ, ತಪ್ಪನ್ನೇ ಆರಿಸಿದೆ. ಒಂದು ಗುಟುಕು ಕುಡಿದು ಅವಳು "ಸಾರಿನ್ಯಾಗ ಇದೊಂದು ಹೊಸಾ ಜಾತಿ" ಎಂದಳು. ಲೋಟ ಮಾತ್ರ ಖಾಲಿಯಾಯಿತು.

ಶುಕ್ರವಾರದ ತೊವ್ವೆಗೆ ಒಂದೂವರೆ ಗಂಟೆ ಹಿಡಿಯಿತು. ಬಟ್ಟಲುಗಳ ಸಹಾಯ ಬೇಕಾಗಲಿಲ್ಲ. "ಇನ್ನೊಂದು ಸ್ವಲ್ಪ ಹಾಕ್ರಿ" ಎಂದು ತಟ್ಟೆ ಮುಂದೆ ಮಾಡಿದಳು. ಫಲಿತಾಂಶದ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಅದೂ ಪ್ರಶ್ನೆಯೇ ಆಗಿಬಿಟ್ಟರೆ ಎಂಬ ಭಯ.

ಶನಿವಾರ ಬೆಳಿಗ್ಗೆ ಅವಳು ಮೊದಲೇ ಹೋಗಿ ಕಾರಿನಲ್ಲಿ ಕೂತಳು. ನಾನು ಬೀಗ ಹಾಕುವ ಮುನ್ನ ಮೇಜಿನ ಮೇಲಿದ್ದ ಅತಿಥಿಗಳ ಪುಸ್ತಕ ತಿರುವಿದೆ. ಹಾಸಿಗೆ ಮೆತ್ತಗಿತ್ತು, ಅಡುಗೆಮನೆ ಸೊಗಸಾಗಿತ್ತು ಎಂದು ಇಂಗ್ಲಿಷಿನಲ್ಲಿ ಪುಟಗಟ್ಟಲೆ. ಕೊನೆಯಲ್ಲಿ ಕನ್ನಡದಲ್ಲಿ, ಅವಳ ದುಂಡು ಅಕ್ಷರದಲ್ಲಿ:

"ಸಮುದ್ರ ಭಾಳ ಚಂದ ಅದ. ಹೇಳಿದ ಟೈಮಿಗೆ ಬರ್ತದ. ಅಡಿಗಿಮನಿ ಹೆಂಗದ, ನನಗ ಗೊತ್ತಿಲ್ಲ."

ಎರಡು ಸಲ ಓದಿದೆ. ಆಮೇಲೆ ಉಳಿದ ತೊಗರಿಬೇಳೆಯನ್ನು ಕಪಾಟಿನಲ್ಲಿ, ಆ ನಾಲ್ಕು ಮೇಣದಬತ್ತಿಗಳ ಪಕ್ಕ ಇಟ್ಟೆ. ಮುಂದೆ ಬರುವವರಿಗೆ ತಿಳಿಯಲೆಂದು, ಒಂದೂವರೆ ಗಂಟೆ, ನಡುನಡುವೆ ಹಿಚುಕಿ ನೋಡುವುದು ಎಂದು ಇಂಗ್ಲಿಷಿನಲ್ಲಿ ಚೀಟಿ ಬರೆದು ಅಂಟಿಸಿದೆ. ಕಾರಿನ ಹತ್ತಿರ ಬಂದಾಗ ಅವಳು ಆಗಲೇ ಧಾರವಾಡಕ್ಕೆ ಫೋನ್ ಹಚ್ಚಿದ್ದಳು.