ಗುತ್ಯಪ್ಪನವರು ಈಡು ತೂಗಿದ್ದು

ಸೊರಬದ ಕಡೆಯ ಹೊಸಬಾಳೆಯ ಗುತ್ಯಪ್ಪನವರನ್ನು ನಾನು ಮೊದಲು ನಾಟಿ ವೈದ್ಯರೆಂದೇ ನಂಬಿದ್ದೆ. ಬಿತ್ತನೆ ಭತ್ತ ಕೇಳಲು ಶಿಕಾರಿಪುರದಿಂದ ಅವರ ಮನೆಗೆ ಹೋಗಿದ್ದೆ. ಮನುಷ್ಯ ಜಗಲಿಯಲ್ಲಿ ಅಕ್ಕಸಾಲಿಗರ ತಕ್ಕಡಿ ಮುಂದಿಟ್ಟುಕೊಂಡು, ಕಣ್ಣಿಗೆ ಭೂತಗನ್ನಡಿ ಹಿಡಿದು, ಕರಿ ಪುಡಿಯನ್ನು ತೂಗಿ ತೂಗಿ ಪೊಟ್ಟಣ ಕಟ್ಟುತ್ತಿದ್ದರು. ಉಸಿರಿಗೆ ಪುಡಿ ಹಾರೀತೆಂದು ಬಾಯಿಗೆ ಟವೆಲ್ ಬೇರೆ. ಇಷ್ಟು ಶ್ರದ್ಧೆಯ ವೈದ್ಯರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎನಿಸಿ, "ಗ್ಯಾಸಿಗೆ ಆಗ್ತದಾ? ನನಗೂ ಒಂದು ಪೊಟ್ಟಣ ಕೊಡಿ" ಎಂದೆ.

ಅವರು ಟವೆಲ್ ಸರಿಸಿದರು. "ಇದು ಕೋವಿಗೆ ಹಾಕೋದು ಮಾರಾಯ್ರೆ. ಇದನ್ನ ತಿಂದು ಬೀಡಿ ಹಚ್ಚಿದ್ರೆ ನಿಮ್ಮ ಒಂದು ಚಪ್ಪಲಿ ಇಲ್ಲಿ ಸಿಕ್ತದೆ, ಇನ್ನೊಂದು ಉಳವೀಲಿ."

ಕೋವಿ ಅವರ ತಂದೆಯ ಕಾಲದ್ದು, ಬೆಳೆ ಕಾಯಲೆಂದು ಪರವಾನಗಿ ಪಡೆದದ್ದು. ನಳಿಗೆಯ ಬಾಯಿಂದ ಪುಡಿ, ನಾರು, ಗುಂಡು ಜಡಿದು ಈಡು ತುಂಬುವಂಥದು. ಅದು ಕಾಯಬೇಕಾದ ಜೋಳವನ್ನು ಹಂದಿಗಳು ನೆಮ್ಮದಿಯಿಂದ ಮೇಯುತ್ತಿದ್ದವು. ಹಂದಿಗೆ ಹೊಡೆಯಲು ಗುತ್ಯಪ್ಪನವರಿಗೆ ಪುರುಸೊತ್ತಿರಲಿಲ್ಲ. ತೂಗುವ ಕೆಲಸವೇ ಮುಗಿಯುತ್ತಿರಲಿಲ್ಲ.

ಇಷ್ಟೆಲ್ಲ ಪಾಡು ಸುಗ್ಗಿ ಮುಗಿದ ಮೇಲೆ ಉಳವಿಯ ಗದ್ದೆಬಯಲಿನಲ್ಲಿ ನಡೆಯುವ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕಾಗಿ. ಯಾರೋ ಬಿಳಿಯರು ಮೈಲಿ ದೂರದ ಗುರಿಗೆ ತಾವೇ ತೋಟಾ ತುಂಬಿಕೊಳ್ಳುವುದನ್ನು ಮೊಬೈಲಿನಲ್ಲಿ ಕಂಡಾಗಿನಿಂದ ಗುತ್ಯಪ್ಪನವರಿಗೆ ಈ ಗೀಳು ಹತ್ತಿತ್ತು. ಆ ಬಿಳಿಯರದು ಒಳಗೆ ಸುರುಳಿ ಕೊರೆದ ರೈಫಲ್ಲು. ಇವರದು ಬೋರ್‌ವೆಲ್ ಪೈಪಿನಷ್ಟು ನುಣುಪು. ಗುಂಡು ಹೊರಬಿದ್ದ ಮೇಲೆ ಎತ್ತ ಹೋಗಬೇಕೆಂಬುದು ಗುಂಡಿನ ಇಷ್ಟ. ಆದರೂ ಸೀಸದ ಗುಂಡು ಕೂದಲೆಳೆಯಷ್ಟು ಹೆಚ್ಚು ತೂಗಿದರೆ ಅರ ಹಿಡಿದು ಉಜ್ಜುವರು, ಕಡಿಮೆಯಾದರೆ ಮತ್ತೆ ಕರಗಿಸುವರು. ಪರೀಕ್ಷೆಯಲ್ಲಿ ಪಾಸಾದ ಗುಂಡುಗಳಿಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿಯ ಹಾಸಿಗೆ. ಮೊಮ್ಮಕ್ಕಳಿಗೂ ಆ ಮನೆಯಲ್ಲಿ ಅಂಥ ಹಾಸಿಗೆ ಇರಲಿಲ್ಲ.

ಹೆಂಡತಿ ಹುಲಿಗೆಮ್ಮನವರ ತಮ್ಮ ಸುರೇಂದ್ರ ಸೋಡಾ ಬಾಟಲಿಯ ಮುಚ್ಚಳದಲ್ಲಿ ಪುಡಿ ಅಳೆದು ಸುರಿಯುವವನು. ಹೊಡೆದರೆ ಕಾಯಿ ಚೂರು. "ಭಾವ, ನೀವು ತೂಗಿ ತೂಗಿ ಗುಂಡಿಗೆ ನಾಚಿಕೆ ಕಲಿಸೀರಿ. ಅದು ಕಾಯಿ ಹತ್ರ ಹೋಗೋಕೇ ಸಂಕೋಚ ಪಡ್ತದೆ" ಎನ್ನುವನು. ಭಾವ ಪಂದ್ಯದಲ್ಲಿ ಇದುವರೆಗೆ ಒಂದು ಕಾಯಿಯನ್ನೂ ಒಡೆದವರಲ್ಲ. ಕೊನೆಗೆ ಪಂದ್ಯದ ಸಮಿತಿಯ ಅಧ್ಯಕ್ಷ ಶಾಂತವೀರಪ್ಪನವರು ತೀರ್ಪು ಕೊಟ್ಟರು: ಈ ಸಲವೂ ತಪ್ಪಿದರೆ ಹೊಸಬಾಳೆ ತಂಡದಲ್ಲಿ ಗುತ್ಯಪ್ಪನವರ ಜಾಗ ಸುರೇಂದ್ರನಿಗೆ.

ಪಂದ್ಯ ನೋಡಲೆಂದು ನಾನು ಬೆಳಿಗ್ಗೆಯೇ ಅವರ ಮನೆ ತಲುಪಿದೆ. ಬಚ್ಚಲಿಂದ ಬಂದ ಗುತ್ಯಪ್ಪನವರು ದೇವರ ಮುಂದೆ ನಿಂತು ಕಿರುಚಿದರು.

"ಏ ಹುಲಿಗೆಮ್ಮಾ! ಗುಂಡಿಗೆಲ್ಲ ಕುಂಕುಮ ಹಚ್ಚೀಯಲ್ಲೇ!"

"ಮತ್ತೆ? ಪೂಜೆ ಇಲ್ಲದೆ ಹೋಗಿದ್ದಕ್ಕೇ ಹೋದ್ವರ್ಷ ಮರ್ಯಾದೆ ಹೋಗಿದ್ದು."

"ತೂಕ ತಪ್ತದೆ ಕಣೇ! ಒಂದಕ್ಕೆ ಜಾಸ್ತಿ ಹಚ್ಚೀಯ, ಒಂದಕ್ಕೆ ಕಡಿಮೆ!"

"ಹಂಗಾರೆ ಒರೆಸ್ಕಳಿ. ದೇವರ ಕುಂಕುಮ ಒರೆಸಿದ ಕೈಯಲ್ಲಿ ಕೋವಿ ಹಿಡೀರಿ, ನೋಡಾಣ."

ಒರೆಸುವ ಧೈರ್ಯ ಅವರಿಗಿಲ್ಲ, ಹಾಗೇ ಬಿಡುವ ಮನಸ್ಸೂ ಇಲ್ಲ. ಮತ್ತೆ ತಕ್ಕಡಿ ಬಂತು. ಕಡ್ಡಿಯ ತುದಿಯಲ್ಲಿ ಈ ಗುಂಡಿನ ಕುಂಕುಮ ಕೆರೆದು ಆ ಗುಂಡಿಗೆ ಹಚ್ಚಿ, ಎಲ್ಲವನ್ನೂ ಸಮ ಮಾಡಿದರು. ಹೊರಡಲು ಬೈಕ್ ಚಾಲೂ ಮಾಡಿಕೊಂಡು ನಿಂತಿದ್ದ ಸುರೇಂದ್ರ ಕೇಳಿದ: "ಭಾವ, ಅಕ್ಷತೆ ಕಾಳನ್ನೂ ತೂಗ್ತೀರಾ, ಇಲ್ಲಾ ಹಂಗೇ ಹಾಕಾದಾ?"

ಬಯಲಿನಲ್ಲಿ ಮೈಕಿನವನು ಇವರನ್ನು "ಸೊರಬದ ಹೆಮ್ಮೆಯ ಗುರಿಕಾರ" ಎಂದು ಕರೆದ. ಅವನು ಹಾಗೆ ಕರೆಯದೆ ಬಿಟ್ಟ ಸ್ಪರ್ಧಿ ಒಬ್ಬನೂ ಇರಲಿಲ್ಲ ಎನ್ನುವುದು ಬೇರೆ ಮಾತು. ಒಬ್ಬೊಬ್ಬರಿಗೆ ಮೂರು ಈಡು, ಕಾಯಿ ಒಡೆದವರಿಗೆ ಶಾಲು. ಗುತ್ಯಪ್ಪನವರ ಮೊದಲನೆಯದು ಬದುವಿಗೆ ಹೋಯಿತು. ಎರಡನೆಯದಕ್ಕೆ ಬೆಳ್ಳಕ್ಕಿಗಳು ಹಾರಿದವು. ಮೂರನೆಯದು ಕಾಯಿ ನೇತುಹಾಕಿದ್ದ ಹಗ್ಗವನ್ನು ಕತ್ತರಿಸಿತು. ಕಾಯಿ ನೆಟ್ಟಗೆ ಕೆಳಗಿದ್ದ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು.

ಜನ ಸೀಟಿ ಹೊಡೆದರು. ಸಮಿತಿ ಎದ್ದು ನಿಂತಿತು.

"ಗುಂಡು ತಾಗಿದ್ದು ಹಗ್ಗಕ್ಕೆ. ಕಾಯಿ ಒಡೆದಿದ್ದು ಕಲ್ಲು" ಎಂದರು ಶಾಂತವೀರಪ್ಪ.

"ಹಂಗಾರೆ ಶಾಲು ಕಲ್ಲಿಗೇ ಹೊದಿಸ್ರಿ" ಎಂದ ಸುರೇಂದ್ರ.

ಸಮಿತಿ ಶಾಮಿಯಾನದ ಹಿಂದೆ ಸೇರಿ, ಟೀ ಕುಡಿದು, ದೇಶದ ಸಂವಿಧಾನ ಬರೆಯುವ ಗಾಂಭೀರ್ಯದಲ್ಲಿ ಚರ್ಚಿಸಿ ಹೊರಬಂತು. "ಬೇಕಂತಲೇ ಹಗ್ಗಕ್ಕೆ ಹೊಡೆದಿದ್ರೆ ಅದು ಕಾಯಿಗಿಂತ ದೊಡ್ಡ ಗುರಿ. ಆವಾಗ ಜಾಗ ಅವರದ್ದೇ. ಅವರೇ ಹೇಳ್ಲಿ" ಎಂದು ಶಾಂತವೀರಪ್ಪನವರು ಮೈಕನ್ನು ಗುತ್ಯಪ್ಪನವರ ಬಾಯಿಗೆ ಹಿಡಿದರು.

ಹೂಂ ಅಂದರೆ ಸಾಕಿತ್ತು. ಹೆಂಗಸರ ಸಾಲಿನಿಂದ ಹುಲಿಗೆಮ್ಮನವರು ಹೂಂ ಅನ್ನಿ ಎಂದು ಕತ್ತು ಆಡಿಸುತ್ತಲೇ ಇದ್ದರು. ಗುತ್ಯಪ್ಪನವರು ಮಾತ್ರ ಕೋವಿಯ ನಳಿಗೆ ಒರೆಸುತ್ತ ನಿಂತಿದ್ದರು. ಮಾತಿಗೆ ದಾರಿ ಮಾಡಿಕೊಡೋಣವೆಂದು ನಾನೇ ಬಾಯಿ ಹಾಕಿದೆ:

"ಇಷ್ಟು ತೂಕ ಮಾಡಿ ತುಂಬಿದ ಈಡು ಗುತ್ಯಪ್ಪೋರೆ, ಸುಮ್ಮನೆ ಹೋಗಿ ತಾಗ್ತದಾ? ನೀವು ಹಗ್ಗಕ್ಕೇ ಅಲ್ವಾ ಗುರಿ ಇಟ್ಟಿದ್ದು?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಉತ್ತರ ಮೈಕಿನಲ್ಲಿ ಇಡೀ ಬಯಲಿಗೆ ಕೇಳಿಸಿತು.

"ಹಗ್ಗಕ್ಕೆ ಯಾವ ಹುಚ್ಚ ಗುರಿ ಇಡ್ತಾನ್ರೀ? ಕಾಯಿಗೇ ಇಟ್ಟಿದ್ದೆ. ತಪ್ತು."